ಟ್ಯಾರೋ ಹೆಸರಲ್ಲಿ 16,499 ರೂಪಾಯಿ ಕಳೆದುಕೊಂಡೆ, ನೀವಾದರೂ ಹುಷಾರಾಗಿರಿ

ಬರೆಯೋಕೇ ನಾಚಿಕೆ ಆಗುತ್ತಿದೆ. ಮೂರು ವಾರ ಬರೆಯಲೋ ಬೇಡವೋ ಅಂತ ಒದ್ದಾಡಿದೆ. ಇವತ್ತು ಬೆಳಿಗ್ಗೆ ನೋಡಿದರೆ ನನ್ನ ದುಡ್ಡು ತೆಗೆದುಕೊಂಡ ಟ್ಯಾರೋ ಮೇಡಂ ಹೊಸ ಬ್ಯಾಚ್ ಶುರು ಮಾಡಿದ್ದಾರೆ, ‘ಕೆಲವೇ ಸೀಟು ಬಾಕಿ’ ಅಂತ. ತಡೆಯೋಕೆ ಆಗಲಿಲ್ಲ.

ಒಂದು ವಿಷಯ ಮೊದಲೇ ಹೇಳುತ್ತೇನೆ. ನಾನು ಭವಿಷ್ಯ ಕೇಳೋಕೆ ಹೋದವಳಲ್ಲ. ಅತ್ತೆ ಜಾತಕ ಹಿಡಿದುಕೊಂಡು ಹೊರಟರೆ ನಗುತ್ತಿದ್ದವಳು ನಾನೇ. ಅಮ್ಮ ಹೋಗಿ ಒಂದು ವರ್ಷ, ಮನೆ ಪಾಲಿನ ವಿಷಯಕ್ಕೆ ಅಕ್ಕನ ಜೊತೆ ಮಾತು ಬಿಟ್ಟು ಎಂಟು ತಿಂಗಳು, ರಾತ್ರಿ ನಿದ್ದೆ ಇಲ್ಲ. ಆಗ ಇನ್‌ಸ್ಟಾಗ್ರಾಮ್‌ನಲ್ಲಿ ಕಾಣಿಸಿದ್ದು ಇದು: ಭವಿಷ್ಯ ಅಲ್ಲ, ನಿಮ್ಮನ್ನು ನೀವು ಅರ್ಥ ಮಾಡಿಕೊಳ್ಳೋಕೆ ಟ್ಯಾರೋ. ಟ್ಯಾರೋ ಅಂದರೆ ಚಿತ್ರಗಳಿರುವ ಕಾರ್ಡಿನ ಕಟ್ಟು, ಅದರಿಂದ ಕಾರ್ಡ್ ಎಳೆದು ಭವಿಷ್ಯ ಹೇಳೋದೂ ಇದೆ. ಇಲ್ಲಿ ದಿನಕ್ಕೊಂದು ಕಾರ್ಡ್ ನೋಡೋದು, ಆ ಚಿತ್ರ ನೋಡಿ ಮನಸ್ಸಿಗೆ ಏನು ಬಂತೋ ಅದನ್ನು ಡೈರಿಯಲ್ಲಿ ಬರೆಯೋದು, ಅಷ್ಟೇ. ಚೆನ್ನಾಗಿದೆ ಅನ್ನಿಸಿತು. ಈಗಲೂ ಚೆನ್ನಾಗಿದೆ ಅಂತಲೇ ಅನ್ನುತ್ತೇನೆ, ತಪ್ಪು ಕಾರ್ಡಿನದಲ್ಲ.

999 ರೂಪಾಯಿ ಗೂಗಲ್ ಪೇ ಮಾಡಿದ ಮೇಲೆ ಒಂದು ಫಾರಂ ಬಂತು. ಯಾರ ಮೇಲೆ ಕೋಪ ಇದೆ? ಯಾರ ಜೊತೆ ಮಾತು ಬಿಟ್ಟಿದ್ದೀರಿ? ಯಾವಾಗ ಅತ್ತಿರಿ? ಕೊನೆಯಲ್ಲಿ, ತಿಂಗಳ ಆದಾಯ ಎಷ್ಟು? ಮನಸ್ಸಿನ ವಿಷಯಕ್ಕೆ ಆದಾಯ ಯಾಕೆ ಬೇಕು ಅಂತ ಆಗಲೇ ಕೇಳಬೇಕಿತ್ತು, ಅಲ್ವಾ? ಕೇಳಲಿಲ್ಲ. ಎಲ್ಲ ತುಂಬಿಸಿ ಕಳಿಸಿದೆ.

ಎರಡು ದಿನ ಬಿಟ್ಟು ಉದ್ದದ ವಾಯ್ಸ್ ಮೆಸೇಜ್. ‘ನಿಮ್ಮ ರಕ್ತ ಸಂಬಂಧದಲ್ಲೇ ಒಬ್ಬ ಹಿರಿಯ ಹೆಣ್ಣು ಕಾಣಿಸ್ತಿದ್ದಾರೆ ಡಿಯರ್. ನಡುವೆ ಒಂದು ಬಾಗಿಲು ಮುಚ್ಚಿದೆ.’ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ, ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ, ಬೇಳೆ ತಳ ಹಿಡಿದಿತ್ತು. ಇವರಿಗೆ ಹೇಗೆ ಗೊತ್ತಾಯಿತು ಅಂತ ಆಶ್ಚರ್ಯ ಬೇರೆ! ನಾನೇ ಬರೆದು ಕೊಟ್ಟಿದ್ದನ್ನು ನನಗೇ ಓದಿ ಹೇಳಿದ್ದರು. ನಾನೇ ಬರೆದು ಕೊಟ್ಟಿದ್ದು.

ಆಮೇಲೆ 21 ದಿನದ ಕೋರ್ಸು, 4,500. ಒಂಬತ್ತನೇ ದಿನ ಒಂದು ಫೋಟೋ ಬಂತು, ‘ಇವತ್ತು ನಿಮಗೋಸ್ಕರ ಎಳೆದ ಕಾರ್ಡ್’. ಎಂಟು ಕತ್ತಿಗಳ ಕಾರ್ಡು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮೈಗೆ ಪಟ್ಟಿ ಸುತ್ತಿಸಿಕೊಂಡು ನಿಂತ ಹೆಂಗಸು, ಸುತ್ತ ನೆಲಕ್ಕೆ ಚುಚ್ಚಿದ ಕತ್ತಿಗಳು. ನೋಡಿದರೇ ಎದೆ ಧಸಕ್ ಅನ್ನುತ್ತದೆ. ‘ಯಾರೋ ಮನೆಯವರೇ ನಿಮ್ಮನ್ನು ಕಟ್ಟಿ ಹಾಕಿದ್ದಾರೆ. ಇದನ್ನು ಬಿಚ್ಚದೆ ಡೈರಿ ಬರೆದು ಏನೂ ಪ್ರಯೋಜನ ಇಲ್ಲ. ಭೀಮನ ಅಮಾವಾಸ್ಯೆ ಒಳಗೆ ಕ್ಲಿಯರಿಂಗ್ ಮಾಡಿಸಿ.’ 11,000. ಚೀಟಿ ದುಡ್ಡು ಬಂದಿತ್ತು, ಕಳಿಸಿಬಿಟ್ಟೆ. ದುಡ್ಡು ಹಾಳಾಗಲಿ, ಒಂದು ವಾರ ಪೂರ್ತಿ ಅಕ್ಕನೇ ಏನೋ ಮಾಡಿಸಿದ್ದಾಳೆ ಅಂತ ನಂಬಿಕೊಂಡಿದ್ದೆನಲ್ಲ, ಅದನ್ನು ನೆನೆದರೆ ಈಗ ಅನ್ನ ಇಳಿಯೋದಿಲ್ಲ.

ಗೊತ್ತಾಗಿದ್ದು ಆಫೀಸಿನಲ್ಲಿ, ಊಟದ ಹೊತ್ತಲ್ಲಿ. ಜೊತೆಗೆ ಕೆಲಸ ಮಾಡುವವಳೊಬ್ಬಳು ಇದೇ ಮೇಡಂ ಹತ್ತಿರ ಯುಗಾದಿ ಸಮಯದಲ್ಲಿ ಸೇರಿದ್ದಳಂತೆ. ಅವಳಿಗೂ ಎಂಟು ಕತ್ತಿ. ಇರಲಿ, ಒಟ್ಟು 78 ಕಾರ್ಡಿನಲ್ಲಿ ಒಂದೇ ಕಾರ್ಡು ಇಬ್ಬರಿಗೆ ಬರಬಹುದು. ಆದರೆ ನನ್ನ ಫೋಟೋದಲ್ಲಿ ಕಾರ್ಡಿನ ಎಡ ಮೂಲೆ ಮೇಲೆ ಒಂದು ಚೆಂಡು ಹೂವಿನ ದಳ ಬಿದ್ದಿತ್ತು, ತುದಿ ಸ್ವಲ್ಪ ಕಂದಿದ ದಳ, ಪಕ್ಕದಲ್ಲಿ ಒಂದು ಹನಿ ಮೇಣ. ಅವಳ ಫೋಟೋದಲ್ಲೂ ಅದೇ ದಳ. ಅದೇ ಕಂದಿದ ತುದಿ. ಅದೇ ಮೇಣ. ಎರಡು ಫೋನು ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ಮಾಡಿ ನೋಡಿದೆವು. ಯುಗಾದಿಯಲ್ಲಿ ಬಿದ್ದ ದಳ ಆಷಾಢದವರೆಗೂ ಬಾಡದೆ ಇತ್ತು ಪಾಪ. ಅವಳಿಗೆ ‘ಕಟ್ಟಿ ಹಾಕಿದವರು’ ಅವಳ ಅತ್ತೆ. ಯಾಕೆಂದರೆ ಫಾರಂನಲ್ಲಿ ಅವಳು ಬರೆದಿದ್ದು ಅತ್ತೆ ಹೆಸರು.

ಮೆಸೇಜ್ ಮಾಡಿದೆ. ಬಂದ ಉತ್ತರಗಳು ಇವು.

‘ಇಬ್ಬರಿಗೂ ಒಂದೇ ಕಾರ್ಡ್ ಬಂದಿದೆ ಅಂದ್ರೆ ನಿಮ್ಮಿಬ್ಬರ ಕರ್ಮ ಒಂದೇ ಡಿಯರ್.’

ಹೂವಿನ ದಳವೂ ಒಂದೇನಾ ಮೇಡಂ ಅಂದೆ.

‘ನಿಮ್ಮ ನೆಗೆಟಿವ್ ಎನರ್ಜಿ ಮಾತಾಡಿಸ್ತಿದೆ.’

ದುಡ್ಡು ವಾಪಸ್ ಕೊಡಿ ಅಂದೆ.

‘ಯೂನಿವರ್ಸ್‌ಗೆ ಕೊಟ್ಟಿದ್ದನ್ನು ವಾಪಸ್ ಕೇಳಬಾರದು, ನಿಮಗೇ ಒಳ್ಳೇದಲ್ಲ.’

ಯೂನಿವರ್ಸ್‌ಗೆ ಗೂಗಲ್ ಪೇ ನಂಬರ್ ಇದೆಯಾ? ಇದನ್ನು ಕಳಿಸುವಷ್ಟರಲ್ಲಿ ಬ್ಲಾಕ್ ಆಗಿದ್ದೆ. ಮನೆಯವರಿಗೆ ಹೇಳಿದರೆ ಅವರು, ಗಿಳಿ ಶಾಸ್ತ್ರದವನ ಗಿಳಿನಾದ್ರೂ ಕಣ್ಣೆದುರಿಗೆ ಕಾರ್ಡ್ ಎಳೆಯುತ್ತೆ ಕಣೇ ಅಂದರು. ಕೋಪ ಬಂತು, ಆದರೆ ಮಾತು ನಿಜ.

ಆಮೇಲೆ ಕೂತು ಹುಡುಕಿದೆ. ಮೇಡಂ ಯಾವಾಗಲೂ ‘ಈಜಿಪ್ಟಿನ ಸಾವಿರಾರು ವರ್ಷದ ವಿದ್ಯೆ’ ಅನ್ನುತ್ತಿದ್ದರು. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಅದೂ ನಮ್ಮ ಇಸ್ಪೀಟಿನ ಹಾಗೆ ಆಡೋಕೆ. ಈಜಿಪ್ಟಿನ ಕಥೆ ಹರಡಿದ್ದು 1781ರಲ್ಲಿ ಫ್ರಾನ್ಸಿನವನೊಬ್ಬ ಬರೆದ ಮೇಲೆ. ನನಗೆ ಬಂದ ಚಿತ್ರ 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಟ್ಟಿನದು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಆ ಕಾರ್ಡನ್ನು ಮತ್ತೆ ಸರಿಯಾಗಿ ನೋಡಿದೆ. ಆ ಹೆಂಗಸಿನ ಕಾಲು ಕಟ್ಟಿಲ್ಲ. ಮುಂದೆ ಕತ್ತಿಯೂ ಇಲ್ಲ, ದಾರಿ ಖಾಲಿ. ನಡೆದರೆ ಆಚೆ ಬರಬಹುದು, ಕಣ್ಣು ಕಟ್ಟಿರುವುದರಿಂದ ಗೊತ್ತಾಗುತ್ತಿಲ್ಲ ಅಷ್ಟೇ. ಕಾರ್ಡಿನ ಜೊತೆ ಬರುವ ಸಣ್ಣ ಪುಸ್ತಕಗಳಲ್ಲೂ ಸಾಮಾನ್ಯವಾಗಿ ಹೇಳುವುದು ಇದನ್ನೇ. ಮಾಟ ಮಂತ್ರ ಅಂತ ಎಲ್ಲೂ ಇಲ್ಲ. ಡೈರಿಯಲ್ಲಿ ಬರೆಯಬೇಕಾಗಿದ್ದದ್ದು ಇದೇ ಅಲ್ವಾ! ಅದನ್ನೇ ತಿರುಗಿಸಿ ನನ್ನ ಹತ್ತಿರ 11,000 ಕಿತ್ತರು.

ಟ್ಯಾರೋ ಬೇಕೇ ಬೇಕು ಅಂದರೆ ಒಂದು ಕಟ್ಟು ತಂದು ಮನೆಯಲ್ಲೇ ನೀವೇ ಎಳೆದು ನೋಡಿ. ಫಾರಂ ಅಂತೂ ತುಂಬಿಸಬೇಡಿ. ‘ಇಂಥ ದಿನದೊಳಗೆ ಮಾಡಿಸಿ’ ಅಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ನಾಚಿಕೆಯಿಂದ ಹನ್ನೊಂದು ದಿನ ಸುಮ್ನೆ ಕೂತಿದ್ದೆ. ದೂರು ಕೊಟ್ಟಿದ್ದೇನೆ, ಈಗ ಕಾಯುತ್ತಿದ್ದೇನೆ.

ಅಕ್ಕನಿಗೆ ಇನ್ನೂ ಫೋನ್ ಮಾಡಿಲ್ಲ. ಎರಡು ಸಲ ನಂಬರ್ ತೆಗೆದು ಇಟ್ಟೆ.

ನಿಮ್ಮಲ್ಲಿ ಯಾರಿಗಾದರೂ ಎಡ ಮೂಲೆಯಲ್ಲಿ ಚೆಂಡು ಹೂವಿನ ದಳ ಇರುವ ಎಂಟು ಕತ್ತಿ ಫೋಟೋ ಬಂದಿದ್ದರೆ ದಯವಿಟ್ಟು ಹೇಳಿ. ನಾವು ಇಬ್ಬರೇ ಆಗಿರೋಕೆ ಸಾಧ್ಯವೇ ಇಲ್ಲ.