ಡಸ್ಟ್ ಕಲೆಕ್ಟರ್‌ಗೆ ಪೈಪ್ ಹಾಕಿಸುವ ಮುಂಚೆ ದಯವಿಟ್ಟು ಇದನ್ನು ಓದಿ

ಮನೆಯಲ್ಲೇ ಮರಗೆಲಸ ಮಾಡುವವರು, ಅದರಲ್ಲೂ ಡಸ್ಟ್ ಕಲೆಕ್ಟರ್‌ಗೆ (ಹೊಟ್ಟು, ಧೂಳನ್ನು ಫ್ಯಾನ್‌ನಿಂದ ಎಳೆದು ಚೀಲಕ್ಕೆ ತುಂಬುವ ಯಂತ್ರಕ್ಕೆ) ಗೋಡೆಗುಂಟ ಪೈಪ್ ಎಳೆಸಬೇಕು ಅಂತಿರುವವರು, ಸ್ವಲ್ಪ ತಾಳಿ. ನನಗೆ ದುಡ್ಡು ಹೋದದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇದೆ. ಧೂಳೆಲ್ಲ ಪೈಪಿಗೆ ಹೋಗುತ್ತಿದೆ ಅಂತ ನಂಬಿಕೊಂಡು ಇಡೀ ಮಳೆಗಾಲ ಬಾಗಿಲು ಹಾಕಿಕೊಂಡು ಕೆಲಸ ಮಾಡಿದೆ. ಅದು ಹೋಗುತ್ತಲೇ ಇರಲಿಲ್ಲ.

ಮೈಸೂರಿನ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಟೇಬಲ್ ಸಾ, ಬ್ಯಾಂಡ್ ಸಾ ಅನ್ನುವ ಗರಗಸದ ಮೆಷಿನ್‌ಗಳು, ಮರ ಹೆರೆದು ನಯಮಾಡುವ ಪ್ಲೇನರ್ ಇವೆ. ಗಾಲಿ ಮೇಲೆ ನಿಂತ 2 ಎಚ್‌ಪಿ ಕಲೆಕ್ಟರ್ ಒಂದಿದೆ. ಮೊದಲು ಅದನ್ನು ಬೇಕಾದ ಮೆಷಿನ್ ಪಕ್ಕಕ್ಕೆ ತಳ್ಳಿ ಮೋಟು ಹೋಸ್ ಸಿಕ್ಕಿಸುತ್ತಿದ್ದೆ. ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಪ್ರತಿ ಸಲ ಬಿಚ್ಚಿ ಸಿಕ್ಕಿಸುವ ರಗಳೆ ಬೇಡ ಅಂತ ಒಬ್ಬ ಡಕ್ಟ್ ಕಂಟ್ರಾಕ್ಟರ್‌ಗೆ ಕೆಲಸ ಒಪ್ಪಿಸಿದೆ. ಎಸಿ ಡಕ್ಟ್, ಹೋಟೆಲ್ ಚಿಮಣಿ ಮಾಡಿ ಪಳಗಿದವರು. ಕಲೆಕ್ಟರ್‌ನ ಬಾಯಿ ಆರಿಂಚಿನದು, ಮೇನ್ ಪೈಪೂ ಆರಿಂಚೇ ಇರಲಿ ಅಂತ ಬಿಡಿಸಿ ಹೇಳಿದ್ದೆ. ಸಂಜೆ ಬಂದು ನೋಡಿದರೆ ಉದ್ದಕ್ಕೂ ನಾಲ್ಕಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕೂತಿತ್ತು. ಕೇಳಿದ್ದಕ್ಕೆ, "ಮೆಷಿನ್ ಬಾಯೆಲ್ಲಾ ನಾಲ್ಕಿಂಚೇ ಅಲ್ವಾ ಸಾರ್? ಪೈಪ್ ಸಣ್ಣದಾದಷ್ಟೂ ಎಳೆತ ಜಾಸ್ತಿ" ಅಂದರು.

ಈ ಮಾತನ್ನು ನಿಮಗೂ ಯಾರಾದರೂ ಹೇಳುತ್ತಾರೆ. ನಂಬಬೇಡಿ. ಕಲೆಕ್ಟರ್‌ನ ಫ್ಯಾನು ತುಂಬಾ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಸಾಗಿಸುವಂಥದ್ದು. ದಾರಿಯಲ್ಲಿ ತಡೆ ಹೆಚ್ಚಾದರೆ ಅದು ಜೋರಾಗಿ ಎಳೆಯುವುದಿಲ್ಲ, ಸುಮ್ನೆ ತಿರುಗುತ್ತದೆ ಅಷ್ಟೆ. ಹೊಟ್ಟು ಪೈಪಿನೊಳಗೆ ಕೂರದೆ ಸಾಗಲು ಗಾಳಿ ನಿಮಿಷಕ್ಕೆ ಸುಮಾರು 4,000 ಅಡಿ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ ನಾಲ್ಕಿಂಚಿನ ಪೈಪಿನಲ್ಲಿ ಹೋಗುವುದು ನಿಮಿಷಕ್ಕೆ 350 ಘನ ಅಡಿ ಗಾಳಿ. ಆರಿಂಚಿನಲ್ಲಿ 785. ಎರಡು ಪಟ್ಟಿಗೂ ಜಾಸ್ತಿ! ಪ್ಲೇನರ್‌ನ ಸಿಪ್ಪೆಯನ್ನು 350 ಹೇಗೋ ಎಳೆದೀತು, ಟೇಬಲ್ ಸಾ ಬ್ಲೇಡಿನ ಸುತ್ತ ಏಳುವ ನಯವಾದ ಧೂಳಿಗೆ ಅದು ಸಾಲುವುದಿಲ್ಲ.

ಕಂಟ್ರಾಕ್ಟರ್ ಹೋಗುವ ಮುಂಚೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ತೋರಿಸಿದರು. ಮೊದಲು 8 ಆಂಪ್ಸ್ ಎಳೆಯುತ್ತಿದ್ದ ಮೋಟರ್ ಈಗ 6ಕ್ಕೂ ಕೆಳಗೆ. "ಲೋಡ್ ಕಮ್ಮಿ ಆಯ್ತು, ಮೋಟರ್ ಬಾಳಿಕೆ ಬರುತ್ತೆ." ಸದ್ದೂ ತಗ್ಗಿತ್ತು. ನೋಡಿದವರಿಗೆಲ್ಲ ಇದು ಒಳ್ಳೆಯ ಸುದ್ದಿಯೇ. ಆದರೆ ಇಂಥ ಫ್ಯಾನ್‌ನಲ್ಲಿ ಗಾಳಿ ಹೆಚ್ಚು ಸಾಗಿದರೆ ಆಂಪ್ಸ್ ಏರುತ್ತದೆ, ದಾರಿ ಕಟ್ಟಿದರೆ ಇಳಿಯುತ್ತದೆ. ಅಂಗೈಯಿಂದ ಬಾಯಿ ಮುಚ್ಚಿದರೂ ಮೀಟರ್ ಇಳಿಯುತ್ತದೆ. ಪೈಪ್ ಹಾಕಿದ ಮೇಲೆ ಆಂಪ್ಸ್ ಹೀಗೆ ಬಿದ್ದರೆ ಗಾಳಿ ಕಮ್ಮಿಯಾಗಿದೆ ಅಂತಲೇ ಅರ್ಥ.

ಆಮೇಲೆ ಪ್ಲೇನರ್ ಪದೇ ಪದೇ ಕಟ್ಟಿಕೊಳ್ಳತೊಡಗಿತು. ಜಾಯಿಂಟ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟೆ. ಜಾಯಿಂಟಿಗೆ ಒಂದಿಂಚಿನ ಸ್ಕ್ರೂ ಹೊಡೆದಿದ್ದರು. ಪ್ರತಿ ಸ್ಕ್ರೂವಿನ ಮೊನೆಯೂ ಒಳಕ್ಕೆ ಚಾಚಿತ್ತು. ಒಂದೊಂದಕ್ಕೂ ತೇಗದ ಸುರುಳಿ ಸಿಪ್ಪೆ ಸಿಕ್ಕಿ, ಅದಕ್ಕೆ ಇನ್ನೊಂದು ತೊಡರಿ, ಮುಷ್ಟಿ ಗಾತ್ರದ ಗಂಟಾಗಿತ್ತು. ಪೈಪಿನ ತುದಿಗಳನ್ನೂ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ ಸೇರಿಸಿದ್ದರು, ಅಂಚಿಗೆಲ್ಲ ಹೊಟ್ಟು ಹಿಡಿದಿತ್ತು. ಕವಲುಗಳೆಲ್ಲ ಟೀ, ಅಂದರೆ ಮೇನ್ ಪೈಪಿಗೆ ಓರೆಯಾಗಿ ಸೇರದೆ 90 ಡಿಗ್ರಿಯಲ್ಲಿ ಸೇರುವಂಥವು. ಕೊನೆಯ ತುಂಡುಗಳು ಎಸಿಗೆ ಹಾಕುವ ಅಲ್ಯೂಮಿನಿಯಂ ಫ್ಲೆಕ್ಸ್, ಅಂದರೆ ಬಳುಕುವ ಪೈಪ್. ಒಂದೊಂದು ಮೆಷಿನ್‌ಗೆ ಹೋಗುವ ಗಾಳಿಯನ್ನು ತಡೆಯುವ ಗೇಟ್‌ಗಳನ್ನು ಮುಚ್ಚಿದಾಗ ಒಂದು ಕಡೆ ಅದು ಚಪ್ಪಟೆಯಾಗಿಬಿಟ್ಟಿತ್ತು.

ಭಯವಾದದ್ದು ಇನ್ನೊಂದಕ್ಕೆ. ಫ್ಯಾನ್ ಬಿಚ್ಚಿದಾಗ ಕಬ್ಬಿಣದ ರೆಕ್ಕೆಗಳ ಮೇಲೆ ಹೊಸ ಗೀರುಗಳಿದ್ದವು, ಚೀಲದ ತಳದಲ್ಲಿ ಅವರದೇ ಎರಡು ಸ್ಕ್ರೂ ಸಿಕ್ಕವು. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಕಿಡಿ ಹಾರುತ್ತದೆ. ಆ ಕಿಡಿ ಹೋಗಿ ಬೀಳುವುದು ಒಣ ಹೊಟ್ಟಿನ ಚೀಲಕ್ಕೆ. ಹೊಟ್ಟಿನಲ್ಲಿ ಕೆಂಡ ಗಂಟೆಗಟ್ಟಲೆ ಒಳಗೊಳಗೇ ಇರಬಲ್ಲದು, ಮನೆಯವರೆಲ್ಲ ಮಲಗಿದ ಮೇಲೆ ಹೊತ್ತಿಕೊಳ್ಳಬಹುದು. ಡಕ್ಟ್ ಕೆಲಸ ಮುಗಿದ ಮೇಲೆ ಪೈಪಿನೊಳಗೆ ಬಿದ್ದ ಸ್ಕ್ರೂ, ಡ್ರಿಲ್ ಮಾಡಿದ ಲೋಹದ ಚೂರು ಎಲ್ಲ ತೆಗೆಸದೆ ಸ್ವಿಚ್ ಹಾಕಲೇಬೇಡಿ.

ಧೂಳು ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಮರದ ಧೂಳನ್ನು ಐಎಆರ್‌ಸಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಸೈನಸ್‌ಗೆ ಅಪಾಯ. ಬೀಟೆ, ತೇಗದ ಧೂಳಿಗೆ ಕೆಲವರ ಚರ್ಮವೂ ಕೆರೆದು ಏಳುತ್ತದೆ. ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದೆ ಗಾಳಿಯಲ್ಲಿ ತೇಲುವ ಪುಡಿಯೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ನೆಲ ಚೊಕ್ಕಟವಾಗಿದೆ ಅಂತ ಮಾಸ್ಕ್ ತೆಗೆದಿಡಬೇಡಿ.

ಪೈಪ್ ಸರಿಯಿದೆಯೋ ಇಲ್ಲವೋ ನೋಡಲು ದುಬಾರಿ ಮೀಟರ್ ಬೇಕಿಲ್ಲ. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಅದನ್ನು ಯು ಆಕಾರಕ್ಕೆ ಬಾಗಿಸಿ ಗೋಡೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದೊಂದು ಕಡೆಯೂ ಎರಡಡಿ ಎತ್ತರ ಇರಲಿ, ಇಲ್ಲದಿದ್ದರೆ ನೀರು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಒಂದು ತುದಿಯನ್ನು ಕಲೆಕ್ಟರ್ ಬಾಯಿಯ ಹತ್ತಿರ ಮೇನ್ ಪೈಪಿಗೆ ಕೊರೆದ ಸಣ್ಣ ತೂತಿಗೆ ಸಿಕ್ಕಿಸಿ, ಇನ್ನೊಂದನ್ನು ಹಾಗೇ ಬಿಡಿ. ಎಲ್ಲಾ ಗೇಟ್ ಮುಚ್ಚಿ ಮೋಟರ್ ಹಾಕಿ, ಎರಡು ಕಡೆಯ ನೀರಿನ ವ್ಯತ್ಯಾಸ ಅಳೆಯಿರಿ. ಆಮೇಲೆ ಪ್ಲೇನರ್ ಗೇಟ್ ಪೂರ್ತಿ ತೆಗೆದು ಮತ್ತೆ ಅಳೆಯಿರಿ. ಗಾಳಿ ಸರಾಗವಾಗಿ ಸಾಗುತ್ತಿದ್ದರೆ ಈ ವ್ಯತ್ಯಾಸ ಚೆನ್ನಾಗಿ ಇಳಿಯಬೇಕು. ನನ್ನದರಲ್ಲಿ ಮುಚ್ಚಿದಾಗ 9 ಇಂಚು, ತೆಗೆದಾಗ 8. ಗೇಟ್ ತೆಗೆದರೂ ಫ್ಯಾನಿಗೆ ಹೆಚ್ಚುಕಮ್ಮಿ ಮುಚ್ಚಿದ ಹಾಗೇ ಇತ್ತು!

ಈಗ 160 ಎಂಎಂ ಎಸ್‌ಡಬ್ಲ್ಯುಆರ್ (ಕೊಳಚೆ, ಮಳೆ ನೀರಿಗೆ ಹಾಕುವ ಪಿವಿಸಿ) ಪೈಪಿನಲ್ಲಿ ಮತ್ತೆ ಮಾಡಿಸಿದ್ದೇನೆ, ಪ್ಲಂಬರ್ ಒಬ್ಬರ ಕೈಲಿ. ಟೀ ಬದಲು ಓರೆಯಾಗಿ ಸೇರುವ 45 ಡಿಗ್ರಿ ವೈ. ದೊಡ್ಡ ತಿರುವಿನಲ್ಲಿ ಎರಡು 45 ಡಿಗ್ರಿ ಬೆಂಡ್, ನಡುವೆ ಒಂದು ತುಂಡು ಪೈಪ್. ಡೋರ್ ಬೆಂಡ್ ಬೇಡ, ಮುಚ್ಚಳದ ಸಂದಿಗೆ ಹೊಟ್ಟು ಕೂರುತ್ತದೆ. ಸ್ಕ್ರೂ ಎಲ್ಲೂ ಇಲ್ಲ. ಫ್ಲೆಕ್ಸ್ ಹೋಸ್ ಮೆಷಿನ್ ಹತ್ತಿರ ಒಂದು ಮೊಳ ಮಾತ್ರ, ಯಾಕೆಂದರೆ ಅದರ ಒಳಮೈಯ ಏಣುಗಳು ಗಾಳಿಯನ್ನು ಬಹಳ ತಡೆಯುತ್ತವೆ. ಪ್ಲೇನರ್ ಗೇಟ್ ತೆಗೆದರೆ ನೀರು 5 ಇಂಚಿಗೆ ಇಳಿಯುತ್ತದೆ, ಆಂಪ್ಸ್ ಮತ್ತೆ 8ರ ಹತ್ತಿರ.

ಹಳೆಯ ಕಂಟ್ರಾಕ್ಟರ್ ಈಗ ಫೋನ್ ಎತ್ತುವುದಿಲ್ಲ. ನೀವು ಕೆಲಸ ಕೊಡುವಾಗ ಪೈಪಿನ ಅಳತೆ, ವೈ, ಬೆಂಡ್ ಎಲ್ಲವನ್ನೂ ಕೊಟೇಶನ್‌ನಲ್ಲೇ ಬರೆಸಿ. ಕೊನೆಯ ಕಂತು ಕೊಡುವ ಮುಂಚೆ ಲೆವೆಲ್ ಪೈಪ್ ಕಟ್ಟಿ ಅವರ ಎದುರೇ ನೀರು ನೋಡಿ.