ಬೂಸ್ಟರ್‌ಗೆ ದುಡ್ಡು ಕೊಡುವ ಮೊದಲು ಆಂಟೆನಾ ಕೇಬಲ್ಲಿನ ತುದಿ ನೋಡಿ

ತಾರಸಿಯ ಮೇಲಿನ ಆಂಟೆನಾದಿಂದ ಡಿಜಿಟಲ್ ಟಿವಿ ನೋಡುವವರು ಚಿತ್ರ ಒಡೆಯುತ್ತಿದೆ ಎಂಬ ಕಾರಣಕ್ಕೆ ಬೂಸ್ಟರ್ (ಸಿಗ್ನಲ್ಲನ್ನು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳಲು ಹೊರಟಿದ್ದರೆ, ಕೇಬಲ್ಲಿನ ಎರಡೂ ತುದಿಗಳಲ್ಲಿ ಸಿಗ್ನಲ್ ಮೀಟರ್ ಹಿಡಿದು ಅಳೆಯುವವರೆಗೆ ದಯವಿಟ್ಟು ಯಾರಿಗೂ ದುಡ್ಡು ಕೊಡಬೇಡಿ.

ನಮ್ಮ ಮನೆಯಲ್ಲಿ ಕೆಲವು ವಾಹಿನಿಗಳು ಮಾತ್ರ, ಅದರಲ್ಲೂ ಮಳೆ ಸುರಿದ ಮೇಲೆ, ಚೌಕಚೌಕವಾಗಿ ಒಡೆದು ಧ್ವನಿಯೂ ತುಂಡುತುಂಡಾಗುತ್ತಿತ್ತು. ಆಂಟೆನಾ ಕೆಲಸದವರೊಬ್ಬರನ್ನು ಕರೆಸಿ ಮಳೆಯ ಸಂಗತಿಯನ್ನು ಮೊದಲೇ ಹೇಳಿದ್ದರೂ, ಅವರು ತಾರಸಿ ಹತ್ತದೆ, ಟಿವಿಯ ಮೆನುವಿನಲ್ಲಿ ಸಿಗ್ನಲ್ಲಿನ ಬಲವನ್ನು ತೋರಿಸುವ ಪಟ್ಟಿಯನ್ನಷ್ಟೇ ನೋಡಿ, "ಸಿಗ್ನಲ್ ವೀಕ್ ಇದೆ ಸಾರ್, ಬೂಸ್ಟರ್ ಹಾಕಿದರೆ ಎಲ್ಲಾ ಸರಿಹೋಗುತ್ತೆ" ಎಂದು ಟಿವಿಯ ಹಿಂದೆಯೇ ಒಂದು ಬೂಸ್ಟರ್ ಜೋಡಿಸಿದರು. ಪಟ್ಟಿ ಕೂಡಲೇ ತುದಿ ಮುಟ್ಟಿತು. ಅದನ್ನೇ ತೋರಿಸಿ ಹಣ ಪಡೆದು ಹೋದರು. ಸಂಜೆ ನೋಡಿದರೆ, ಒಡೆಯುತ್ತಿದ್ದ ವಾಹಿನಿಗಳು ಒಡೆಯುತ್ತಲೇ ಇದ್ದವು, ಅದುವರೆಗೆ ಚೆನ್ನಾಗಿ ಬರುತ್ತಿದ್ದವುಗಳಲ್ಲಿಯೂ ಕೆಲವು ಮಾಯವಾಗಿದ್ದವು.

ಆ ಪಟ್ಟಿ ಹೇಳುವುದು ಸಿಗ್ನಲ್ಲಿನ ಬಲವನ್ನೇ ಹೊರತು ಗುಣಮಟ್ಟವನ್ನಲ್ಲ. ಬೂಸ್ಟರ್ ತನ್ನ ಬಳಿಗೆ ಬಂದ ಸಿಗ್ನಲ್ಲನ್ನೂ ಅದರೊಡನೆ ಸೇರಿಕೊಂಡ ಗದ್ದಲವನ್ನೂ (ಬೇಡದ ವಿದ್ಯುತ್ ಅಲೆಗಳನ್ನೂ) ಒಂದೇ ಸಮನೆ ಹೆಚ್ಚಿಸುತ್ತದೆ, ಜೊತೆಗೆ ತನ್ನದೂ ಒಂದಿಷ್ಟು ಗದ್ದಲವನ್ನು ಸೇರಿಸುತ್ತದೆ. ಹೀಗಾಗಿ ದಾರಿಯಲ್ಲಿ ಕೆಟ್ಟ ಸಿಗ್ನಲ್ ಟಿವಿಯ ಬೆನ್ನಿಗೆ ಬಂದು ರಿಪೇರಿಯಾಗುವುದು ಸಾಧ್ಯವಿಲ್ಲ. ಇನ್ನೊಂದು ತೊಂದರೆಯೂ ಇದೆ. ಹಿಂದೆ ಟಿವಿ ಪ್ರಸಾರಕ್ಕಿದ್ದ 700 ಮತ್ತು 800 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಅನೇಕ ದೇಶಗಳು ಈಗ ಮೊಬೈಲ್ ಸೇವೆಗೆ ಕೊಟ್ಟಿವೆ. ಹತ್ತಿರದ ಮೊಬೈಲ್ ಟವರಿನ ಅಥವಾ ಸಮೀಪದ ಪ್ರಸಾರ ಕೇಂದ್ರದ ಪ್ರಬಲ ಸಿಗ್ನಲ್ ಬೂಸ್ಟರಿನೊಳಗೆ ನುಗ್ಗಿದರೆ, ಬೂಸ್ಟರ್ ತನ್ನ ಮಿತಿಯನ್ನು ಮೀರಿ ಇಲ್ಲದ ಸಿಗ್ನಲ್ಲುಗಳನ್ನು ತಾನೇ ಹುಟ್ಟಿಸಿ, ಇರುವ ವಾಹಿನಿಗಳ ಮೇಲೆ ಹೇರುತ್ತದೆ. ಹಳೆಯ ಅನಲಾಗ್ ಟಿವಿಯಾಗಿದ್ದರೆ ಇಂಥ ದೋಷ ಚುಕ್ಕೆಗಳಾಗಿಯೋ ಗೆರೆಗಳಾಗಿಯೋ ಕಂಡು, ಮಸುಕಾದರೂ ಒಂದು ಚಿತ್ರ ಉಳಿಯುತ್ತಿತ್ತು. ಡಿಜಿಟಲ್‌ನಲ್ಲಿ ಅಂಥ ರಿಯಾಯಿತಿ ಇಲ್ಲ: ಗುಣಮಟ್ಟ ಒಂದು ಹಂತಕ್ಕಿಂತ ಮೇಲಿರುವವರೆಗೆ ಚಿತ್ರ ನಿಚ್ಚಳ, ಅದರಿಂದ ಸ್ವಲ್ಪ ಕೆಳಗಿಳಿದರೆ ಚೌಕಚೌಕವಾಗಿ ಒಡೆಯುತ್ತದೆ, ಇನ್ನೂ ಇಳಿದರೆ ಏನೂ ಇಲ್ಲ.

ಆಮೇಲೆ ಕರೆಸಿದ ತಂತ್ರಜ್ಞರು ಮೊದಲು ಆಂಟೆನಾದ ಬುಡದಲ್ಲಿ, ನಂತರ ಕೆಳಗೆ ಟಿವಿಯ ಬಳಿ ಅಳೆದರು. ಆಂಟೆನಾಕ್ಕೆ ಸಾಮಾನ್ಯವಾಗಿ ಬಳಸುವ ಆರ್‌ಜಿ-6 ಕೇಬಲ್ಲಿನಲ್ಲಿ 600 ಮೆಗಾಹರ್ಟ್ಸ್ ಸುಮಾರಿಗೆ 10 ಮೀಟರಿಗೆ ಹೆಚ್ಚುಕಡಿಮೆ 2 ಡೆಸಿಬೆಲ್ (ಸಿಗ್ನಲ್ಲಿನ ಏರಿಳಿತದ ಅಳತೆ) ನಷ್ಟವಾಗುವುದು ಸಹಜ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸೋರಿಹೋಗುತ್ತಿತ್ತು. ಮೇಲಿನ ಕನೆಕ್ಟರನ್ನು ತಿರುಗಿಸಿ ಬಿಚ್ಚಿದಾಗ ನಡುವಿನ ತಂತಿಯ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಬಲೆಯಂಥ ಹೊರತಂತಿ ಕಪ್ಪಗಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು, ಕೇಬಲ್ಲನ್ನು ಒಂದು ಗೇಣು ಕತ್ತರಿಸಿ ಬಗ್ಗಿಸಿದರೆ ನೀರು ತೊಟ್ಟಿಕ್ಕಿತು. ಕೇಬಲ್ ಬದಲಿಸಿ, ಕನೆಕ್ಟರಿಗೆ ನೀರು ತಡೆಯುವ ಟೇಪು ಸುತ್ತಿ, ಮಳೆನೀರು ಕೇಬಲ್ ಹಿಡಿದು ಒಳಗಿಳಿಯದೆ ಅಲ್ಲೇ ಉದುರುವಂತೆ ಒಂದು ಜೋಲು ಬಿಟ್ಟು, ಬೂಸ್ಟರನ್ನು ಕಳಚಿದ ಮೇಲೆ ಎಲ್ಲ ವಾಹಿನಿಗಳೂ ಬಂದವು.

ಬೂಸ್ಟರೇ ಬೇಡವೆಂದು ನಾನು ಹೇಳುತ್ತಿಲ್ಲ. ಕೇಬಲ್ ಬಹಳ ಉದ್ದವಿದ್ದರೆ, ಅಥವಾ ಒಂದೇ ಆಂಟೆನಾದಿಂದ ಹಲವು ಟಿವಿಗಳಿಗೆ ಹಂಚುವುದಾದರೆ (ಎರಡು ದಾರಿಯ ಸ್ಪ್ಲಿಟರ್ ಒಂದೊಂದು ದಾರಿಯಲ್ಲೂ ಸುಮಾರು 3.5ರಿಂದ 4 ಡೆಸಿಬೆಲ್ ನುಂಗುತ್ತದೆ) ಅದು ಬೇಕಾಗಬಹುದು. ಆದರೆ ಅದರ ಜಾಗ ಆಂಟೆನಾದ ಕಂಬದ ಮೇಲೆ, ಸಿಗ್ನಲ್ ಇನ್ನೂ ಶುದ್ಧವಾಗಿರುವಲ್ಲಿ. ಸಮೀಪದಲ್ಲಿ ಮೊಬೈಲ್ ಟವರ್ ಇದ್ದರೆ ಬೂಸ್ಟರಿಗೂ ಮೊದಲು, ಮೊಬೈಲ್ ತರಂಗಗಳನ್ನು ತಡೆಯುವ ಒಂದು ಫಿಲ್ಟರ್ ಇರಬೇಕು. "ಡಿಜಿಟಲ್ ಆಂಟೆನಾ", "4ಕೆ ಆಂಟೆನಾ" ಎಂದು ಹೊಸ ಆಂಟೆನಾ ಮಾರಲು ಬರುವವರಿಗೂ ಕಿವಿಗೊಡಬೇಡಿ. ಸರಿಯಾದ ತರಂಗಪಟ್ಟಿಯ ಹಳೆಯ ಆಂಟೆನಾಕ್ಕೆ ಬರುವುದು ಅನಲಾಗೋ ಡಿಜಿಟಲ್ಲೋ ಎಂಬ ಭೇದ ತಿಳಿಯದು.

ಮೊದಲು ಬಂದವರು, ಪೊಟ್ಟಣ ಒಡೆದಿದೆ ಎಂಬ ಕಾರಣ ಕೊಟ್ಟು ಬೂಸ್ಟರನ್ನು ಹಿಂದಕ್ಕೆ ಪಡೆಯಲಿಲ್ಲ. ಆದ್ದರಿಂದ ಯಾರನ್ನೇ ಕರೆಸಿದರೂ, ಕೆಲಸಕ್ಕೆ ಮೊದಲು ಮತ್ತು ನಂತರ ಗುಣಮಟ್ಟದ ಅಳತೆ ಎಷ್ಟಿತ್ತೆಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಮೀಟರ್ ತಂದಿಲ್ಲ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ.