ಲೇಕ್ ಸುಪೀರಿಯರ್ ದಡದ ಕ್ಯಾಂಪಿಂಗ್: "ವ್ಯಾನ್ ಜೊತೆ ಕ್ಯಾಂಪ್ ಸೈಟೂ ನಾನೇ ಕೊಡ್ತೀನಿ" ಅನ್ನೋರನ್ನ ನಂಬಬೇಡಿ

ಇನ್ನೂ ಕೋಪ ಇಳಿದಿಲ್ಲ. ಬರೆದದ್ದು ಹಿಂದೆಮುಂದೆ ಆಗಿದ್ರೆ ಸಹಿಸ್ಕೊಳ್ಳಿ. ಮಿಷಿಗನ್‌ನ ಅಪ್ಪರ್ ಪೆನಿನ್ಸುಲಾದಲ್ಲಿ, ಲೇಕ್ ಸುಪೀರಿಯರ್ ದಡ ಹಿಡಿದು ಕ್ಯಾಂಪರ್ ವ್ಯಾನಿನಲ್ಲಿ ಹೋಗೋ ಯೋಚನೆ ಇರೋರು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ಅತ್ತೆ-ಮಾವ ಬಂದಿದ್ದಾರೆ, ಹೋಟೆಲ್ ಬೇಡ, ಅಡುಗೆ ಮಾಡ್ಕೊಂಡು ಆರಾಮಾಗಿ ಹೋಗೋಣ ಅಂದ್ಕೊಂಡಿರೋರು.

ನಮ್ಮದೂ ಅದೇ. ಮ್ಯಾಕಿನಾ ಸೇತುವೆ ದಾಟಿ, ಟಕ್ವಾಮೆನಾನ್ ಜಲಪಾತ ನೋಡಿ, ಗ್ರ್ಯಾಂಡ್ ಮರೇ ಊರಿನ ಮೇಲೆ, ಕೆರೆ ದಡದ ಬಣ್ಣಬಣ್ಣದ ಬಂಡೆಗಳ ಸರ್ಕಾರಿ ಉದ್ಯಾನ ಪಿಕ್ಚರ್ಡ್ ರಾಕ್ಸ್‌ಗೆ ಬಂದು, ಅಲ್ಲಿ ಕೆರೆ ದಂಡೆಯಲ್ಲೇ ಉಳ್ಕೊಂಡು ಮ್ಯೂನಿಸಿಂಗ್‌ಗೆ ಹೋಗೋದು ಪ್ಲಾನು. ಆ ಕಡೆ ಹೋಗಿರೋರಿಗೆ ಗೊತ್ತು, ಪಿಕ್ಚರ್ಡ್ ರಾಕ್ಸ್ ಒಳಗೆ ಗಾಡಿ ಹೋಗೋ ಕ್ಯಾಂಪ್‌ಗ್ರೌಂಡ್ ಇರೋದೇ ಮೂರು: ಲಿಟಲ್ ಬೀವರ್ ಲೇಕ್, ಟ್ವೆಲ್ವ್‌ಮೈಲ್ ಬೀಚ್, ಹರಿಕೇನ್ ರಿವರ್. ಸರ್ಕಾರಿ ಬುಕಿಂಗ್ ವೆಬ್‌ಸೈಟಿನಲ್ಲಿ ಆರು ತಿಂಗಳ ಮುಂಚೆನೇ ಜನ ಕಾದು ಕೂತಿರ್ತಾರೆ. ಜುಲೈಗೆ ಬೇಕು ಅಂತ ಮೇ ತಿಂಗಳಲ್ಲಿ ಹುಡುಕಿದ್ರೆ ಸಿಗೋ ಮಾತೇ ಇಲ್ಲ.

ಆಗ ಕಣ್ಣಿಗೆ ಬಿದ್ದಿದ್ದು ಈ ಮಹಾನುಭಾವನ ವ್ಯಾನು. ಬಾಡಿಗೆ ಆ್ಯಪಿನಲ್ಲಿ ಒಳ್ಳೇ ರೇಟಿಂಗು, ಬಿಳೀ ಮರಳ ದಂಡೆ ಮೇಲೆ ಹಿಂಬಾಗಿಲು ತೆಗೆದಿಟ್ಟ ಫೋಟೊ. ಬುಕ್ ಮಾಡಿದ ಮೇಲೆ ಸೈಟಿನ (ಗಾಡಿ ನಿಲ್ಲಿಸಿ ರಾತ್ರಿ ಉಳ್ಕೊಳ್ಳೋ ಜಾಗದ) ಬಗ್ಗೆ ಮೆಸೇಜು: "ಟ್ವೆಲ್ವ್‌ಮೈಲ್ ಬೀಚ್‌ನಲ್ಲಿ ಎರಡು ರಾತ್ರಿಗೆ ಸೈಟ್ ಇದೆ, ದಂಡೆ ಕಡೆದೇ. ದುಡ್ಡು ಕಟ್ಟಿ ಆಗಿದೆ, ನೀವು ಹೋಗಿ ನಿಲ್ಲಿಸೋದು ಅಷ್ಟೇ." ಎರಡು ರಾತ್ರಿಗೆ 220 ಡಾಲರ್. ಸರ್ಕಾರದ ರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅದು ನಮಗೂ ಗೊತ್ತಿತ್ತು. ಆದ್ರೆ ಮಾವನಿಗೆ ಆ ಕೆರೆ ತೋರಿಸ್ಬೇಕಿತ್ತು. ವ್ಯಾನಿನ ಬಾಡಿಗೆ ಆ್ಯಪಿನಲ್ಲಿ, ಸೈಟಿನ ದುಡ್ಡು ಮಾತ್ರ ಬ್ಯಾಂಕ್ ಖಾತೆಯಿಂದ ನೇರ ದುಡ್ಡು ಕಳಿಸೋ ಝೆಲ್‌ನಲ್ಲಿ. ಯಾಕೆ ಅಂದ್ರೆ "ಆ್ಯಪಿನವರು ಕಮಿಷನ್ ಹೊಡೀತಾರೆ, ನಿಮಗೇ ಲಾಸು." ನನ್ನ ಲಾಸಿನ ಬಗ್ಗೆ ಅವನಿಗೆ ಎಷ್ಟು ಕಾಳಜಿ ನೋಡಿ!

ಗ್ರ್ಯಾಂಡ್ ಮರೇ ಬಿಟ್ಟು ಎಚ್-58 ರಸ್ತೆ ಹಿಡಿದ ಮೇಲೆ ಫೋನ್ ಸಿಗ್ನಲ್ ಹೋಯ್ತು. ಅಲ್ಲಿ ಯಾವಾಗ್ಲೂ ಅಷ್ಟೇ, ಕಾಡು. ಇದು ಅವನಿಗೆ ಚೆನ್ನಾಗಿ ಗೊತ್ತು. ಇದನ್ನ ಇನ್ನೊಂದ್ಸಲ ಹೇಳ್ತೀನಿ, ಅವನಿಗೆ ಗೊತ್ತು: ಸೈಟ್ ಮುಂದೆ ನಿಂತಾಗ ನಾವು ಯಾರಿಗೂ ಫೋನ್ ಮಾಡೋಕ್ಕಾಗಲ್ಲ ಅಂತ.

ಸೈಟಿಗೆ ಹೋದ್ರೆ ಅಲ್ಲಿ ಟೆಂಟು ಹಾಕ್ಕೊಂಡು ಒಂದು ಕುಟುಂಬ ಒಲೆ ಹಚ್ಚಿ ಕೂತಿದೆ. ಕಂಬಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಅವರ ಹೆಸರು. ನಾನು ಹೋಗಿ "ಇದು ನಮ್ಮ ಸೈಟು" ಅಂತ ಬೇರೆ ಹೇಳಿಬಿಟ್ಟೆ. ಆ ಹೆಂಗಸು ಪಾಪ ಜಗಳ ಆಡ್ಲಿಲ್ಲ, ತನ್ನ ಬುಕಿಂಗ್ ತೆಗೆದು ತೋರಿಸಿದ್ಲು. ನನ್ನ ಹತ್ರ ತೋರಿಸೋಕೆ ಇದ್ದದ್ದು ಅವನ ಮೆಸೇಜಿನ ಸ್ಕ್ರೀನ್‌ಶಾಟ್, ಕೊನೆಗೊಂದು ನಗುವ ಮುಖ. ಹಿಂದೆ ವ್ಯಾನಿನ ಬಾಗಿಲಲ್ಲಿ ಮಾವ ನಿಂತು ನೋಡ್ತಿದ್ದಾರೆ. "ಏನಮ್ಮಾ, ಜಾಗ ಇಲ್ವಂತಾ?" ಅಂದ್ರು. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅತ್ತೆ "ಹೋಗ್ಲಿ ಬಿಡಮ್ಮ" ಅಂದಿದ್ದು ಇನ್ನೂ ಹೆಚ್ಚು ಚುಚ್ಚಿತು.

ಕ್ಯಾಂಪ್‌ಗ್ರೌಂಡ್ ನೋಡ್ಕೊಳ್ಳೋ ಹೋಸ್ಟ್, ವಯಸ್ಸಾದವರು, ಪಟ್ಟಿ ತೆಗೆದು ನೋಡಿದ್ರು. ನಮ್ಮ ಹೆಸರೂ ಇಲ್ಲ, ಅವನ ಹೆಸರೂ ಇಲ್ಲ. ರಸ್ತೆ ಬದಿ ನಿಲ್ಲಿಸಿ ಮಲಗೋಣ ಅಂದ್ರೆ ಅದಕ್ಕೂ ಅಲ್ಲಿ ಅನುಮತಿ ಇಲ್ಲ. ಜುಲೈನಲ್ಲಿ ಅಲ್ಲಿ ಒಂಬತ್ತೂವರೆಗೂ ಬೆಳಕಿರುತ್ತೆ, ಅದೊಂದು ಪುಣ್ಯ. ಎಲ್ಲಿ ಜಿಂಕೆ ಅಡ್ಡ ಬರುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಮ್ಯೂನಿಸಿಂಗ್ ತನಕ ಬಂದು, ಒಂದು ಖಾಸಗಿ ಕ್ಯಾಂಪ್‌ಗ್ರೌಂಡಿನವರ ಕೈಕಾಲು ಹಿಡಿದು ಅವರ ಹುಲ್ಲು ಬಯಲಿನಲ್ಲಿ ನಿಲ್ಲಿಸಿದ್ವಿ. ಕೆರೆ ಎಲ್ಲಿದೆ ಅಂತ ಮಾವ ಕೇಳಿದ್ರು. ಕಾಣಿಸ್ತಿರ್ಲಿಲ್ಲ.

ಸಿಗ್ನಲ್ ಸಿಕ್ಕ ತಕ್ಷಣ ಅವನಿಗೆ ಬರೆದೆ. ಉತ್ತರಗಳನ್ನ ಹಾಗ್ಹಾಗೇ ಹೇಳ್ತೀನಿ. ಮೊದಲನೇದು: "ಅಯ್ಯೋ, ಬುಕಿಂಗ್ ನನ್ನ ಗೆಳೆಯನ ಹೆಸರಲ್ಲಿತ್ತು, ಅವನು ಕ್ಯಾನ್ಸಲ್ ಮಾಡಿರ್ಬೇಕು." ಗೆಳೆಯ ಎಲ್ಲಿಂದ ಬಂದ? ಆಮೇಲೆ: "ನೀವು ಮಧ್ಯಾಹ್ನವೇ ಹೋಗ್ಬೇಕಿತ್ತು." ಆಮೇಲೆ, ದುಡ್ಡು ವಾಪಸ್ ಕೇಳಿದಾಗ: "ರಾತ್ರಿ ವ್ಯಾನಿನಲ್ಲೇ ಮಲಗಿದ್ರಲ್ಲ, ಅಂದ್ರೆ ಪ್ಯಾಕೇಜ್ ಬಳಸಿದ ಹಾಗೇ." ಇದನ್ನ ಓದಿ ನನ್ನ ಗಂಡ ಫೋನು ಸೀಟಿನ ಮೇಲೆ ಎಸೆದ್ರು.

ಪಿಕ್ಚರ್ಡ್ ರಾಕ್ಸ್ ಬಗ್ಗೆ ಬರೀಬೇಕು ಅಂತ ಹೊರಟಿದ್ದೆ ನಾನು. ಮರಳುಗಲ್ಲಿನ ಗೋಡೆ ಮೇಲೆ ಕಬ್ಬಿಣದ ಕೆಂಪು, ತಾಮ್ರದ ಹಸಿರು, ಮ್ಯಾಂಗನೀಸಿನ ಕಪ್ಪು ಇಳಿದಿರೋದು, 200 ಅಡಿ ಎತ್ತರದ ಬಂಡೆ ಕೆಳಗೆ ದೋಣಿ ಹೋಗೋದು. ಮರುದಿನ ನೋಡಿದ್ವಿ, ಚೆನ್ನಾಗೇ ಇತ್ತು. ಆದ್ರೆ ದೋಣಿಯಲ್ಲಿ ಕೂತು ನಾನು ಮಾಡ್ತಿದ್ದದ್ದು ಸಿಗ್ನಲ್ ಬಂತಾ ಅಂತ ನೋಡೋದು.

ಇಷ್ಟಕ್ಕೇ ಮುಗೀಲಿಲ್ಲ. ವ್ಯಾನ್ ವಾಪಸ್ ಕೊಟ್ಟ ಮೇಲೆ ಡೆಪಾಸಿಟ್‌ನಲ್ಲಿ 180 ಡಾಲರ್ ಕಟ್. ಕಾರಣ ಏನು ಗೊತ್ತಾ? ಒಳಗೆ ಮರಳು! ಕೆರೆ ದಂಡೆಯ ಮರಳಿನ ಫೋಟೊ ಹಾಕಿ ವ್ಯಾನ್ ಬಾಡಿಗೆಗೆ ಬಿಡ್ತಾನೆ, ಮರಳು ಬಂದ್ರೆ ದಂಡ! ನಾವು ಗುಡಿಸಿ, ಒರೆಸಿ, ಕೊಳಚೆ ನೀರಿನ ಟ್ಯಾಂಕ್ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ ಕೊಟ್ಟಿದ್ವಿ. ಅದಕ್ಕೆ ಅವನ ಉತ್ತರ: "ಹಾಸಿಗೆಯ ಸಂದಿಯಲ್ಲಿತ್ತು. ರಿವ್ಯೂ ಒಳ್ಳೇದು ಬರೆದ್ರೆ ಅರ್ಧ ಬಿಟ್ಟುಕೊಡೋಣ." ಆಗ ಗೊತ್ತಾಯ್ತು ಆ ಒಳ್ಳೇ ರೇಟಿಂಗು ಎಲ್ಲಿಂದ ಬಂತು ಅಂತ.

ಝೆಲ್‌ನಲ್ಲಿ ಹೋದ ದುಡ್ಡಿಗೆ ಬ್ಯಾಂಕಿನವರು "ನೀವೇ ಕಳಿಸಿದ್ದು" ಅಂದ್ರು. ಹೋಯ್ತು.

ಹೊರಡೋರಿಗೆ ಹೇಳೋದು: ಸೈಟ್ ಬುಕಿಂಗ್ ನಿಮ್ಮ ಹೆಸರಲ್ಲಿ, ನಿಮ್ಮ ಅಕೌಂಟಲ್ಲಿ ಇಲ್ಲದಿದ್ರೆ ಅದು ಸೈಟೇ ಅಲ್ಲ. ಜನ ಕೊನೇ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡ್ತಾರೆ, ದಿನಾ ಬೆಳಿಗ್ಗೆ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡ್ತಿರಿ. ಸಿಗ್ಲಿಲ್ಲ ಅಂದ್ರೆ ಮ್ಯೂನಿಸಿಂಗ್‌ನಲ್ಲಿ ಉಳ್ಕೊಂಡು ಹಗಲು ಹೊತ್ತು ಹೋಗಿ ಬನ್ನಿ. ಆ್ಯಪಿನ ಹೊರಗೆ ಒಂದು ಡಾಲರ್ ಕೂಡ ಕೊಡಬೇಡಿ. ವ್ಯಾನ್ ತಗೊಳ್ವಾಗ, ಕೊಡುವಾಗ ಎರಡೂ ಸಲ ವಿಡಿಯೊ ಮಾಡಿ, ಹಾಸಿಗೆ ಎತ್ತಿ ಸಂದಿಗೊಂದಿನ ಸಮೇತ.

180 ಡಾಲರಿನ ತಕರಾರು ಆ್ಯಪಿನವರ ಹತ್ರ ಇನ್ನೂ ನಡೀತಿದೆ, ಅದಕ್ಕೇ ಅವನ ಹೆಸರು ಇಲ್ಲಿ ಹಾಕಿಲ್ಲ. ಜಾಹೀರಾತು ಮಾತ್ರ ಹಾಗೇ ಇದೆ. ಆಗಸ್ಟ್‌ಗೂ "ದಂಡೆ ಕಡೆ ಸೈಟ್ ಇದೆ" ಅಂತಿದ್ದಾನೆ.